ಹದಿನಾರು ಹಂಸ, ಆರು ಹೊಡೆತ: ಸಿಬೆಲಿಯಸ್‌ನ ಐದನೇ ಸಿಂಫನಿ

ಈ ಸಿಂಫನಿಯ ಮೊದಲ ಭಾಗ ಕೇಳುವಾಗ ತೊಡೆ ಮೇಲೆ ಕೈಯಿಟ್ಟು ತಾಳ ಹಾಕಿ ನೋಡಿ. ನಾನು ಹಾಗೇ ಮಾಡಿದೆ. ಶುರುವಿನಲ್ಲಿ ನಿಧಾನದ ನಾಲ್ಕು ಎಣಿಕೆ. ಒಂದೊಂದು ಎಣಿಕೆಯ ಒಳಗೆ ಮೂರು ಪುಟ್ಟ ಮಾತ್ರೆ. ತಿಶ್ರ ನಡೆ ಗೊತ್ತಿದ್ದವರಿಗೆ ತಕ್ಷಣ ಹಿಡಿಯುತ್ತದೆ. ಕೈ ಆರಾಮಾಗಿ ಬೀಳುತ್ತಾ ಹೋಯಿತು. ಎಂಟೊಂಬತ್ತು ನಿಮಿಷ ಕಳೆಯಿತು. ಆಮೇಲೆ ನೋಡುತ್ತೇನೆ, ಸಂಗೀತ ಕುಣಿಯುತ್ತಿದೆ. ಇನ್ನೊಂದು ನಾಲ್ಕು ನಿಮಿಷಕ್ಕೆ ಅದು ಓಟ ಕಿತ್ತಿದೆ, ಕೈ ಅದರ ಹಿಂದೆ ಓಡುತ್ತಿದೆ. ನಡುವೆ ಎಲ್ಲೂ ನಿಂತಿರಲಿಲ್ಲ, ತಾಳವೂ ತಪ್ಪಿರಲಿಲ್ಲ. ಹಾಗಾದರೆ ನಿಧಾನ ಮುಗಿದು ವೇಗ ಶುರುವಾದದ್ದು ಎಲ್ಲಿ? ಹಿಂದಕ್ಕೆ ಹೋಗಿ ಅದೇ ಜಾಗವನ್ನು ಮೂರು ಸಲ ಕೇಳಿದೆ. ಇಲ್ಲೇ ಅಂತ ಗೆರೆ ಎಳೆಯಲು ಆಗಲಿಲ್ಲ.

ಆ ಗೆರೆ ಯಾಕೆ ಸಿಗುವುದಿಲ್ಲ ಅನ್ನೋದು ಗೊತ್ತಾದರೆ ಈ ಕೃತಿ ಅರ್ಧ ಅರ್ಥವಾದ ಹಾಗೆ. ಫಿನ್‌ಲ್ಯಾಂಡಿನ ಜಾನ್ ಸಿಬೆಲಿಯಸ್ ಇದನ್ನು ಬರೆಯಲು 1914ರಲ್ಲಿ ಶುರು ಮಾಡಿದ. 1915ರಲ್ಲಿ ಒಂದು ಸಲ ಮುಗಿಸಿದ. 1916ರಲ್ಲಿ ಮತ್ತೆ ಮುಗಿಸಿದ. ನಿಜವಾಗಿ ಮುಗಿದದ್ದು 1919ರಲ್ಲಿ. ಇವತ್ತು ಕಛೇರಿಗಳಲ್ಲಿ ಕೇಳುವುದು ಆ ಮೂರನೇ ರೂಪವನ್ನು. ಹೆಚ್ಚುಕಡಿಮೆ ಅರ್ಧ ಗಂಟೆಯ ಸಂಗೀತ.

ಸಿಂಫನಿ ಅಂದರೇನು ಅಂತ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ದೊಡ್ಡ ವಾದ್ಯಮೇಳಕ್ಕೆ ಬರೆದ, ಹಲವು ಭಾಗಗಳಿರುವ ಒಂದು ದೀರ್ಘ ಕೃತಿ. ಸಾಮಾನ್ಯವಾಗಿ ನಾಲ್ಕು ಭಾಗ. ಹೆಚ್ಚಿನವುಗಳಲ್ಲಿ ಹಾಡುಗಾರ ಇಲ್ಲ, ಸಾಹಿತ್ಯ ಇಲ್ಲ. ಪ್ರತಿ ವಾದ್ಯದವರು ನುಡಿಸಬೇಕಾದ ಪ್ರತಿ ಸ್ವರವೂ ಮೊದಲೇ ಬರೆದಿಟ್ಟಿರುತ್ತದೆ, ಮನೋಧರ್ಮಕ್ಕೆ ಜಾಗ ತೀರಾ ಕಡಿಮೆ. ನಮ್ಮ ಸಂಗೀತದಲ್ಲಿ ಒಂದು ಎಳೆ ಬಳುಕುತ್ತಾ ಬೆಳೆಯುತ್ತದೆ. ಅಲ್ಲಿ ಹತ್ತಾರು ಎಳೆಗಳು ಒಂದೇ ಹೊತ್ತಿಗೆ ಸಾಗುತ್ತವೆ. ಅವು ಸೇರುವ, ಉಜ್ಜುವ, ಬಿಡಿಸಿಕೊಳ್ಳುವ ರೀತಿಯಲ್ಲೇ ಅದರ ರುಚಿ ಇದೆ. ಮೊದಲ ಸಲ ಕೇಳುವವರಿಗೆ ಸದ್ದು ಜಾಸ್ತಿ ಅನ್ನಿಸಬಹುದು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ವಾದ್ಯ ಹಿಡಿದು ಅದರ ಜೊತೆ ಹೋಗಿ, ಸಾಕು.

ಸಿಬೆಲಿಯಸ್ ಹುಟ್ಟಿದ್ದು 1865ರ ಡಿಸೆಂಬರ್ 8ರಂದು. ಆಗ ಫಿನ್‌ಲ್ಯಾಂಡ್ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. 1904ರಿಂದ ಅವನು ಹೆಲ್ಸಿಂಕಿಯ ಉತ್ತರಕ್ಕೆ, ಯಾರ್ವೆನ್‌ಪಾ ಎಂಬಲ್ಲಿ, ಸರೋವರದ ಹತ್ತಿರ ಮರದ ಮನೆ ಕಟ್ಟಿಸಿಕೊಂಡು ಇದ್ದ. ಹೆಂಡತಿ ಐನೋ ಹೆಸರಲ್ಲೇ ಆ ಮನೆಗೆ ಐನೋಲಾ ಅಂತ ಹೆಸರು. 1908ರಲ್ಲಿ ಅವನಿಗೆ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ ಮತ್ತೆ ಬಂದೀತು ಅನ್ನುವ ಭಯ ಅವನನ್ನು ವರ್ಷಗಟ್ಟಲೆ ಬಿಡಲಿಲ್ಲ. ಆ ಭಯದ ನೆರಳಲ್ಲಿ 1911ರಲ್ಲಿ ಬಂದ ನಾಲ್ಕನೇ ಸಿಂಫನಿ ಒಣಗಿದ ಮರದ ಹಾಗಿದೆ. ಕತ್ತಲು, ಚಳಿ, ಮಾತು ಕಡಿಮೆ. ನನಗೆ ಅದು ಬಹಳ ಇಷ್ಟ. ಆದರೆ ಅಲ್ಲಿಂದ ಮುಂದೆ ದಾರಿ ಎಲ್ಲಿದೆ ಅನ್ನೋದು ಅವನಿಗೂ ಸುಲಭದ ಪ್ರಶ್ನೆ ಆಗಿರಲಿಲ್ಲ.

ಅದೇ ಕಾಲಕ್ಕೆ ಯುರೋಪಿನ ಸಂಗೀತವೇ ತಲೆಕೆಳಗಾಗುತ್ತಿತ್ತು. ವಿಯೆನ್ನಾದಲ್ಲಿ ಶೋನ್‌ಬರ್ಗ್ ಷಡ್ಜ ಅನ್ನುವ ನೆಲೆಯನ್ನೇ ಕೈಬಿಟ್ಟಿದ್ದ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ಹೊಸ ಬ್ಯಾಲೆ ನೋಡಿದ ಜನ ಗಲಾಟೆ ಎಬ್ಬಿಸಿದ್ದರು. ಇಂಥ ಹೊತ್ತಿನಲ್ಲಿ ಸಿಬೆಲಿಯಸ್ ತನ್ನ ಐದನೆಯದಕ್ಕೆ ಆರಿಸಿಕೊಂಡದ್ದು ಹಳೆಯ, ಬೆಳಕಿನ, ಎಲ್ಲರಿಗೂ ಪರಿಚಯದ ಇ-ಫ್ಲ್ಯಾಟ್ ಮೇಜರ್ ಶ್ರುತಿ. ವಾದ್ಯಗಳೂ ಹಳೆಯ ಪದ್ಧತಿಯವೇ. ಮರದ ಊದುವಾದ್ಯಗಳಾದ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್ ತಲಾ ಎರಡು. ಹಿತ್ತಾಳೆಯವುಗಳಲ್ಲಿ ನಾಲ್ಕು ಹಾರ್ನ್, ಮೂರು ಟ್ರಂಪೆಟ್, ಮೂರು ಟ್ರಾಂಬೋನ್. ಟಿಂಪನಿ ಎಂಬ ದೊಡ್ಡ ನಗಾರಿಗಳು, ಆಮೇಲೆ ತಂತಿವಾದ್ಯಗಳು. ಹಿಂದಕ್ಕೆ ಹೋದ ಅಂತ ಹಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅವನ ಹೊಸತನ ಇದ್ದದ್ದು ಸ್ವರಗಳ ಆಯ್ಕೆಯಲ್ಲಿ ಅಲ್ಲವೇ ಅಲ್ಲ. ಕಾಲವನ್ನು ಅವನು ನಡೆಸಿದ ರೀತಿಯಲ್ಲಿ.

ಶುರು ಹೀಗಿದೆ. ಟಿಂಪನಿ ದೂರದಲ್ಲಿ ಗುಡುಗಿದ ಹಾಗೆ ಮೆಲ್ಲಗೆ ಉರುಳುತ್ತದೆ. ಅದರ ಮೇಲೆ ಫ್ರೆಂಚ್ ಹಾರ್ನ್, ಅಂದರೆ ಸುರುಳಿ ಸುತ್ತಿದ ಹಿತ್ತಾಳೆಯ ಕೊಂಬು, ನಾಲ್ಕು ಸ್ವರ ಏರುತ್ತದೆ. ಇ-ಫ್ಲ್ಯಾಟನ್ನು ಷಡ್ಜ ಅಂದುಕೊಂಡರೆ ಅದು ಮಂದ್ರದ ಪ, ಆಮೇಲೆ ಸ, ರಿ, ಮಧ್ಯದ ಪ. ಅಷ್ಟೇ. ಗಾಂಧಾರವನ್ನು ಬಿಟ್ಟಿದ್ದಾನೆ, ನೋಡಿ. ಮೇಜರ್ರೋ ಮೈನರ್ರೋ, ಸಂತೋಷವೋ ದುಗುಡವೋ ಅಂತ ಹೇಳುವ ಸ್ವರವೇ ಅದು. ಆ ಒಂದು ಸ್ವರ ಇಲ್ಲದಿರುವುದರಿಂದ ಕರೆ ಖಾಲಿ ಬಯಲಿನ ಹಾಗೆ ತೆರೆದುಕೊಂಡಿದೆ. ಓಬೋ, ಕೊಳಲುಗಳು ಆ ಕರೆಗೆ ಓಗೊಡುತ್ತವೆ. ಸುಮಾರು ಒಂದು ನಿಮಿಷ ತಂತಿವಾದ್ಯಗಳು ಬಾಯಿ ಬಿಡುವುದೇ ಇಲ್ಲ. ವೇದಿಕೆಯ ಅರ್ಧಕ್ಕಿಂತ ಜಾಸ್ತಿ ಜನ ಸುಮ್ನೆ ಕೂತಿರುತ್ತಾರೆ. ಕೊನೆಗೆ ಪಿಟೀಲುಗಳು ಬಂದಾಗ ಮಂಜು ಸರಿದು ನೆಲ ಕಂಡ ಹಾಗಾಗುತ್ತದೆ.

ಈ ಚೂರುಗಳು ಸರಿಯಾದ ರಾಗದ ಹಾಗೆ ಪೂರ್ತಿಯಾಗುವುದಿಲ್ಲ. ಒಂದು ಬರುತ್ತದೆ, ಇನ್ನೊಂದಕ್ಕೆ ತಾಗುತ್ತದೆ, ಆಕಾರ ಬದಲಿಸುತ್ತದೆ. ಅವನು 1915ರ ಏಪ್ರಿಲ್‌ನಲ್ಲಿ ಡೈರಿಯಲ್ಲಿ ಬರೆದುಕೊಂಡದ್ದು ಇದನ್ನೇ. ದೇವರು ಸ್ವರ್ಗದ ನೆಲದಿಂದ ಕಲ್ಲಿನ ಚೂರುಗಳನ್ನು ಕೆಳಕ್ಕೆ ಎಸೆದು, ಇದು ಯಾವ ಚಿತ್ರವಾಗಿತ್ತು ಹೇಳು ಅಂತ ಕೇಳಿದ ಹಾಗಿದೆ, ಅಂತ. ಆ ಸಾಲು ಓದಿದ ಮೇಲೆ ನನಗೆ ಮೊದಲ ಭಾಗ ಬೇರೆಯದೇ ಆಗಿ ಕೇಳಿಸಿತು. ಜೋಡಿಸುವ ಕೈಯನ್ನೇ ಕೇಳುತ್ತಿದ್ದೇನೆ ಅನ್ನಿಸಿತು.

ನಡುವೆ ಒಂದು ಜಾಗ ಇದೆ. ಅಲ್ಲಿ ಎಲ್ಲ ಬೆಳಕೂ ಆರುತ್ತದೆ. ತಂತಿಗಳು ತೀರಾ ಹತ್ತಿರದ ಸ್ವರಗಳಲ್ಲಿ ತೆವಳುತ್ತಾ ಗುಸುಗುಸು ಅನ್ನುತ್ತಿರುತ್ತವೆ. ಅದರ ಮೇಲೆ ಒಂಟಿ ಬಸೂನ್. ಮರದ ಉದ್ದ ಕೊಳವೆ, ಗಂಟಲು ಕಟ್ಟಿದ ಮುದುಕನ ದನಿ. ಅದು ನರಳುತ್ತದೆ. ಆ ಜಾಗದಲ್ಲಿ ಸಿಬೆಲಿಯಸ್ ಶೋಕದಿಂದ ಅಂತಲೇ ಬರೆದಿದ್ದಾನೆ. ಇಡೀ ಸಿಂಫನಿಯಲ್ಲಿ ನಾಲ್ಕನೆಯದರ ಕತ್ತಲೆ ವಾಪಸ್ ಬಂದು ಮುಖ ತೋರಿಸುವುದು ಇಲ್ಲಿ. ಈ ಕೃತಿ ಬರೀ ಗೆಲುವಿನ ಸಂಗೀತ ಅನ್ನುವವರು ಈ ಎರಡು ನಿಮಿಷವನ್ನು ಇನ್ನೊಮ್ಮೆ ಕೇಳಬೇಕು.

ಈಗ ಆ ಗೆರೆಯ ವಿಷಯ. 1915ರ ಮೊದಲ ರೂಪದಲ್ಲಿ ಇದು ನಾಲ್ಕು ಭಾಗದ ಸಿಂಫನಿ. ನಿಧಾನದ ಮೊದಲ ಭಾಗ ಮುಗಿಯುತ್ತಿತ್ತು, ಆಮೇಲೆ ವೇಗದ ಎರಡನೇ ಭಾಗ ಬೇರೆಯಾಗಿ ಶುರುವಾಗುತ್ತಿತ್ತು. ತಿದ್ದುವಾಗ ಸಿಬೆಲಿಯಸ್ ಎರಡನ್ನೂ ಬೆಸೆದ. ಹೇಗೆ ಅಂದರೆ, ನಿಧಾನದಲ್ಲಿ ಒಂದು ಎಣಿಕೆಯ ಒಳಗೆ ಮೂರು ಮಾತ್ರೆ ಇತ್ತಲ್ಲ, ಬೆಸುಗೆಯ ಜಾಗದಲ್ಲಿ ಆ ಮೂರು ಮಾತ್ರೆಗಳೇ ಮೂರು ಎಣಿಕೆ ಆಗುತ್ತವೆ. ಹಿಂದೆ ಒಂದು ಎಣಿಕೆ ಆಗಿದ್ದದ್ದು ಈಗ ಒಂದು ಪೂರ್ತಿ ಆವರ್ತ. ಆ ಗಳಿಗೆಯಲ್ಲಿ ನಿಜವಾದ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಿವಿ ಮಾತ್ರ ದೊಡ್ಡ ಎಣಿಕೆಯನ್ನು ಬಿಟ್ಟು ಚಿಕ್ಕದನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡ ಮೇಲೆ ಅವನು ಮೆಲ್ಲಮೆಲ್ಲಗೆ ವೇಗ ಏರಿಸುತ್ತಾ ಹೋಗುತ್ತಾನೆ, ನಾಲ್ಕೈದು ನಿಮಿಷದುದ್ದಕ್ಕೂ. ಮೇಳವನ್ನು ನಡೆಸುವ ಕಂಡಕ್ಟರ್‌ಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಸ್ವಲ್ಪ ಬೇಗ ಏರಿಸಿದರೆ ಕೊನೆಯಲ್ಲಿ ಏರಲು ಜಾಗ ಇರಲ್ಲ. ತಡ ಮಾಡಿದರೆ ಬೆಸುಗೆ ಕಾಣಿಸಿಬಿಡುತ್ತದೆ.

ಎರಡನೇ ಭಾಗದ ಬಗ್ಗೆ ಜಾಸ್ತಿ ಹೇಳಲ್ಲ. ಎಂಟೊಂಬತ್ತು ನಿಮಿಷದ ಸರಳ, ಹಗುರ ಸಂಗೀತ. ಐದು ಸ್ವರದ ಒಂದು ಲಯ, ಅದನ್ನೇ ಕೊಳಲು, ಬೆರಳಿಂದ ಮೀಟಿದ ತಂತಿಗಳು ಬಗೆಬಗೆಯಾಗಿ ಹೆಣೆಯುತ್ತವೆ. ಸಾಯಂಕಾಲ ಅಂಗಳದಲ್ಲಿ ಕೂತ ಹಾಗೆ. ಆದರೆ ಒಂದು ಸಲ ಕೆಳಗಿನ ಡಬಲ್ ಬಾಸ್‌ಗಳ, ಅಂದರೆ ಎಲ್ಲಕ್ಕಿಂತ ತಗ್ಗಿನ ದನಿಯ ದೊಡ್ಡ ತಂತಿವಾದ್ಯಗಳ, ಕಡೆ ಕಿವಿ ಕೊಡಿ. ಮುಂದಿನ ಭಾಗದಲ್ಲಿ ಬರಬೇಕಾದ ದೊಡ್ಡ ರಾಗದ ನೆರಳು ಅಲ್ಲಿ ಆಗಲೇ ಓಡಾಡುತ್ತಿದೆ.

ಆ ರಾಗದ ಕಥೆ 1915ರ ಏಪ್ರಿಲ್ 21ರ ಬೆಳಿಗ್ಗೆಯದು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಐನೋಲಾದ ಹತ್ತಿರ ಅವನು ಹದಿನಾರು ಹಂಸಗಳನ್ನು ಕಂಡ. ಅವು ತುಂಬ ಹೊತ್ತು ತಲೆ ಮೇಲೆ ಸುತ್ತಿ, ಬೆಳ್ಳಿ ಪಟ್ಟಿಯ ಹಾಗೆ ಬಿಸಿಲ ಮಂಜಿನಲ್ಲಿ ಕರಗಿ ಹೋದವು. ಜೀವನದ ಅತಿ ದೊಡ್ಡ ಅನುಭವಗಳಲ್ಲಿ ಒಂದು ಅಂತ ಡೈರಿಯಲ್ಲಿ ಬರೆದ. ಅಷ್ಟಕ್ಕೇ ನಿಲ್ಲಲಿಲ್ಲ. ಹಂಸದ ಕೂಗು ಟ್ರಂಪೆಟ್‌ಗೆ ಹತ್ತಿರ, ಕೊಕ್ಕರೆಯ ಕೂಗಿನ ನಡುಕ ಇದರಲ್ಲಿಲ್ಲ, ತಗ್ಗಿನ ದನಿ ಪುಟ್ಟ ಮಗು ಅಳುವ ಹಾಗಿದೆ ಅಂತೆಲ್ಲ ಗುರುತು ಮಾಡಿಕೊಂಡ. ಹಂಸ ಅಂದರೆ ನಮಗೆ ಹಾಲು ನೀರು ಬೇರೆ ಮಾಡುವ ಕಾವ್ಯದ ಹಂಸ ನೆನಪಾಗುತ್ತದೆ, ಅಲ್ವಾ? ಇದು ಬೇರೆ. ಹಳದಿ ಕೊಕ್ಕಿನ, ಎರಡು ಮೀಟರ್‌ಗಿಂತ ಅಗಲ ರೆಕ್ಕೆಯ, ಜೋರಾಗಿ ಕೂಗುವ ನಿಜವಾದ ಹಕ್ಕಿ. ಇವತ್ತು ಫಿನ್‌ಲ್ಯಾಂಡಿನ ರಾಷ್ಟ್ರಪಕ್ಷಿ ಅದೇ.

ಮೂರನೇ ಭಾಗ ಶುರುವಾಗುವುದು ತಂತಿಗಳ ಗಡಿಬಿಡಿಯಿಂದ. ಬಿಲ್ಲು ಸರಸರ ನಡುಗುತ್ತಾ ಓಡುತ್ತದೆ. ಒಂದೆರಡು ನಿಮಿಷ ಬರೀ ಈ ನಡುಕ. ಆಮೇಲೆ ಅದರ ಮೇಲಿಂದ ಹಾರ್ನ್‌ಗಳು ಬರುತ್ತವೆ. ಮೂರು ಮೂರು ಸ್ವರದ ಗುಂಪು, ಮೇಲಕ್ಕೆ ಕೆಳಕ್ಕೆ, ಉಯ್ಯಾಲೆ ಜೀಕಿದ ಹಾಗೆ. ಹಂಸಗಳ ರಾಗ ಅಂತ ಎಲ್ಲರೂ ಕರೆಯುವುದು ಇದನ್ನೇ. ಬರೆದು ತೋರಿಸಿದರೆ ಮಕ್ಕಳ ಪಾಠದ ಹಾಗೆ ಕಾಣುತ್ತದೆ, ಅಷ್ಟು ಸರಳ. ಕೇಳಿದರೆ ಎದೆಯ ಗೂಡು ಅಗಲ ಆದ ಹಾಗೆ ಅನ್ನಿಸುತ್ತದೆ.

ಯಾಕೆ ಹಾಗೆ ಅನ್ನಿಸುತ್ತದೆ ಅಂತ ನಾನು ಬಹಳ ದಿನ ಹುಡುಕಿದೆ. ಉತ್ತರ ಕೆಳಗಿದೆ. ಹಾರ್ನ್‌ಗಳು ಜೀಕುತ್ತಿರುವಾಗ ಡಬಲ್ ಬಾಸ್‌ಗಳು ಅದೇ ರಾಗವನ್ನು ಮೂರು ಪಟ್ಟು ನಿಧಾನವಾಗಿ ನುಡಿಸುತ್ತಿವೆ. ಮೇಲೆ ಮರದ ಊದುವಾದ್ಯಗಳು, ಚೆಲ್ಲೋ ಎಂಬ ತಂತಿವಾದ್ಯಗಳು ಇನ್ನೊಂದು ಉದ್ದನೆಯ ಹಾಡು ಹಾಡುತ್ತಿವೆ. ನಮ್ಮ ಪಲ್ಲವಿಯಲ್ಲಿ ಒಂದೇ ಸಾಲನ್ನು ವಿಳಂಬ, ಮಧ್ಯ, ದ್ರುತ ಅಂತ ಬೇರೆ ಬೇರೆ ಕಾಲದಲ್ಲಿ ಹಾಡುತ್ತಾರೆ. ಅಲ್ಲಿ ಒಂದಾದ ಮೇಲೆ ಒಂದು. ಇಲ್ಲಿ ಒಂದೇ ಉಸಿರಿನಲ್ಲಿ ಎರಡೂ ಕಾಲ. ಓಡುವ ತಂತಿಗಳನ್ನೂ ಸೇರಿಸಿದರೆ ಇನ್ನೊಂದು. ದೊಡ್ಡ ಹಕ್ಕಿ ಹಾರುವುದನ್ನು ನೆನೆಸಿಕೊಳ್ಳಿ. ರೆಕ್ಕೆ ಬಡಿಯುವುದು ನಿಧಾನ, ಸಾಗುವುದು ವೇಗ, ಸುತ್ತಿನ ಆಕಾಶ ನಿಂತ ಹಾಗೇ ಇರುತ್ತದೆ. ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮೊದಲ ಭಾಗದಲ್ಲಿ ಒಂದರ ನಂತರ ಒಂದು ಬಂದ ವೇಗಗಳು ಇಲ್ಲಿ ಒಂದರ ಮೇಲೊಂದು ಕೂತಿವೆ.

ಮೊದಲ ಪ್ರದರ್ಶನ 1915ರ ಡಿಸೆಂಬರ್ 8ರಂದು ಹೆಲ್ಸಿಂಕಿಯಲ್ಲಿ ಆಯಿತು. ಅವತ್ತು ಅವನ ಐವತ್ತನೇ ಹುಟ್ಟುಹಬ್ಬ, ದೇಶಕ್ಕೇ ಹಬ್ಬದ ಹಾಗಿತ್ತು. ಗೆಳೆಯರೆಲ್ಲ ಸೇರಿ ಅವನಿಗೆ ಸ್ಟೈನ್‌ವೇ ಪಿಯಾನೋ ಉಡುಗೊರೆ ಕೊಟ್ಟರು. ಅವನೇ ಮೇಳವನ್ನು ನಡೆಸಿದ. ಜನ ಮೆಚ್ಚಿದರು. ಅವನಿಗೆ ಸಮಾಧಾನ ಆಗಲಿಲ್ಲ. ಮುಂದಿನ ವರ್ಷ ಅದೇ ದಿನ ತಿದ್ದಿದ ರೂಪ ತುರ್ಕು ಊರಲ್ಲಿ ಕೇಳಿಸಿತು. ಅದೂ ಸಾಲಲಿಲ್ಲ.

ಹೊರಗೆ ಮಹಾಯುದ್ಧ ನಡೆದಿತ್ತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತ್ತು. ಮನೆ ನಡೆಸಲು ಅವನು ಪಿಯಾನೋಗೆ ಚಿಕ್ಕ ಚಿಕ್ಕ ತುಣುಕುಗಳನ್ನು ಬರೆದು ಮಾರಬೇಕಾಯಿತು. 1917ರ ಡಿಸೆಂಬರ್ 6ರಂದು ಫಿನ್‌ಲ್ಯಾಂಡ್ ಸ್ವತಂತ್ರ ಅಂತ ಘೋಷಣೆಯಾಯಿತು. ಆದರೆ 1918ರ ಆರಂಭದಲ್ಲೇ ಒಳಯುದ್ಧ. ಕೆಂಪು ಪಡೆಯವರು ಐನೋಲಾಕ್ಕೆ ನುಗ್ಗಿ ಶೋಧ ಮಾಡಿದರು. ಮನೆಯವರೆಲ್ಲ ಹೆಲ್ಸಿಂಕಿಗೆ ಹೋಗಿ, ಸಿಬೆಲಿಯಸ್‌ನ ತಮ್ಮ ಕ್ರಿಶ್ಚಿಯನ್ ಸಿಬೆಲಿಯಸ್ ವೈದ್ಯನಾಗಿದ್ದ ಆಸ್ಪತ್ರೆಯಲ್ಲಿ ಆಸರೆ ಪಡೆದರು. ಊಟಕ್ಕೇ ಕಷ್ಟ. 1919ರ ಮಾರ್ಚ್‌ನಲ್ಲಿ ಅವನ ಆಪ್ತ ಗೆಳೆಯ ಆಕ್ಸೆಲ್ ಕಾರ್ಪೆಲಾನ್ ತೀರಿಕೊಂಡ. ಐದನೇ ಸಿಂಫನಿ ಬರಿಯ ಹೊಳಹಾಗಿದ್ದಾಗಲೇ ಅದರ ಸುದ್ದಿ ಕೇಳಿಸಿಕೊಂಡ ಗೆಳೆಯ ಅವನು. ಇನ್ನು ನಾನು ಯಾರಿಗೋಸ್ಕರ ಬರೆಯಲಿ ಅಂತ ಸಿಬೆಲಿಯಸ್ ಸಂಕಟಪಟ್ಟ. ಆ ವಸಂತದಲ್ಲಿ ಒಮ್ಮೆ ಕೊನೆಯ ಎರಡು ಭಾಗಗಳನ್ನೇ ಕಿತ್ತುಹಾಕಿ ಮೊದಲ ಭಾಗ ಒಂದನ್ನೇ ಉಳಿಸಲು ಹೊರಟಿದ್ದ! ಹಂಸಗಳು ಹಾರಿಹೋಗುತ್ತಿದ್ದವು. ಕೆಲವೇ ದಿನದಲ್ಲಿ ಮನಸ್ಸು ಬದಲಾಯಿತು, ಸದ್ಯ. 1919ರ ನವೆಂಬರ್ 24ರಂದು ಹೆಲ್ಸಿಂಕಿಯಲ್ಲಿ ಮೂರು ಭಾಗದ ಕೊನೆಯ ರೂಪ ಬಂತು.

1915ರ ರೂಪದ ರೆಕಾರ್ಡಿಂಗ್ ಸಿಗುತ್ತದೆ. 1990ರ ದಶಕದಲ್ಲಿ ಕಂಡಕ್ಟರ್ ಓಸ್ಮೋ ವ್ಯಾನ್‌ಸ್ಕಾ ಲಾಹ್ತಿ ಊರಿನ ಮೇಳದ ಜೊತೆ ಮಾಡಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಒಬ್ಬ ಕಲಾವಿದ ಏನೇನು ಬಿಡಲು ಕಲಿತ ಅಂತ ತಿಳಿಯುತ್ತದೆ. ಸೇರಿಸಿದ್ದೂ ಇದೆ. ಶುರುವಿನ ಆ ಪ-ಸ-ರಿ-ಪ ಕರೆ ಮೊದಲ ರೂಪದಲ್ಲಿ ಇರಲೇ ಇಲ್ಲ. ಇಡೀ ಕೃತಿಯ ಬಾಗಿಲನ್ನೇ ಅವನು ಆಮೇಲೆ ಕೂಡಿಸಿದ ಅಂದರೆ ನಂಬಲು ಕಷ್ಟ.

ಕೊನೆಯ ರೂಪಕ್ಕೆ ಹಲವು ಒಳ್ಳೆಯ ರೆಕಾರ್ಡಿಂಗ್‌ಗಳಿವೆ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಂಡಕ್ಟರ್ ಕಾರಾಯನ್ ಕೈಕೆಳಗೆ ಇದನ್ನು ನುಡಿಸಿತ್ತು. ಆ ಮೇಳಕ್ಕೂ ನಮಗೂ ಒಂದು ನಂಟಿದೆ. ಅದು ಇನ್ನೂ ಎಳೆಯದಿದ್ದಾಗ, 1940ರ ದಶಕದ ಕೊನೆಯಲ್ಲಿ, ಅದಕ್ಕೆ ಹಣ ಕೊಟ್ಟು ಬೆನ್ನಿಗೆ ನಿಂತವರಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಒಬ್ಬರು. ಪಾಶ್ಚಾತ್ಯ ಸಂಗೀತವನ್ನು ಅವರು ಆಳವಾಗಿ ಬಲ್ಲವರು. ಆ ಹಳೆಯ ರೆಕಾರ್ಡಿಂಗ್ ಕೇಳುವಾಗ ಇದು ನೆನಪಾಗಿ ನನಗೆ ಖುಷಿಯಾಗುತ್ತದೆ.

ಸಿಬೆಲಿಯಸ್ ತೀರಿಕೊಂಡದ್ದು 1957ರ ಸೆಪ್ಟೆಂಬರ್ 20ರಂದು, ಐನೋಲಾದಲ್ಲೇ, 91ನೇ ವಯಸ್ಸಿನಲ್ಲಿ. ಎರಡು ದಿನ ಮುಂಚೆ ವಲಸೆ ಹೊರಟ ಕೊಕ್ಕರೆಗಳ ಗುಂಪು ಮನೆಯ ಮೇಲೆ ಹಾದುಹೋದದ್ದನ್ನು ನೋಡಿ, ಒಂದು ಹಕ್ಕಿ ಗುಂಪು ಬಿಟ್ಟು ಸುತ್ತು ಹಾಕಿತು ಅಂತ ಹೆಂಡತಿಗೆ ಹೇಳಿದ್ದ. ಅವನು ತೀರಿಕೊಂಡ ಸಂಜೆ ಹೆಲ್ಸಿಂಕಿಯಲ್ಲಿ ಮಾಲ್ಕಮ್ ಸಾರ್ಜೆಂಟ್ ಎಂಬ ಇಂಗ್ಲಿಷ್ ಕಂಡಕ್ಟರ್ ನಡೆಸುತ್ತಿದ್ದದ್ದು ಈ ಐದನೇ ಸಿಂಫನಿಯನ್ನೇ.

ಮುಕ್ತಾಯ ಒಂದನ್ನು ಉಳಿಸಿಕೊಂಡಿದ್ದೇನೆ. ಹಂಸಗಳ ರಾಗ ಎರಡನೇ ಸಲ ಬರುವಾಗ ತಂತಿಗಳು ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಪಿಸುಗುಡುತ್ತವೆ. ಸಂಗೀತ ಮೈನರ್‌ಗೆ ಇಳಿಯುತ್ತದೆ, ವೇಗ ಕುಗ್ಗುತ್ತದೆ. ಆಮೇಲೆ ಟ್ರಂಪೆಟ್‌ಗಳು ಆ ರಾಗವನ್ನು ಎತ್ತಿಕೊಳ್ಳುತ್ತವೆ. ಹಂಸ ಕಂಡ ದಿನವೇ ಡೈರಿಯಲ್ಲಿ ಟ್ರಂಪೆಟ್ ಅಂತ ಬರೆದಿಟ್ಟಿದ್ದನಲ್ಲ, ಆ ಮಾತು ಇಲ್ಲಿ ನಡೆಯುತ್ತದೆ. ಸುಲಭವಾಗಿ ಏನೂ ಅಲ್ಲ. ಸುತ್ತಲಿನ ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಭಾರದ ಕಲ್ಲನ್ನು ದಿಬ್ಬ ಹತ್ತಿಸುವ ಹಾಗೆ. ಇನ್ನೇನು ತುದಿ ಸಿಕ್ಕಿತು ಅನ್ನುವಾಗ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ.

ಒಂದು ಹೊಡೆತ. ಇಡೀ ಮೇಳ ಒಟ್ಟಿಗೆ. ಆಮೇಲೆ ಮೌನ, ಕೆಲವು ಸೆಕೆಂಡ್. ಮತ್ತೊಂದು. ಮತ್ತೆ ಮೌನ. ಇಂಥವು ಆರು. 1915ರಲ್ಲೂ ಈ ಹೊಡೆತಗಳಿದ್ದವು, ಆದರೆ ನಡುವಿನ ಜಾಗವನ್ನು ತಂತಿಗಳ ನಡುಕ ತುಂಬಿತ್ತು. ನಾಲ್ಕು ವರ್ಷದ ನಂತರ ಅವನು ಆ ನಡುಕವನ್ನು ಅಳಿಸಿಬಿಟ್ಟ. ಆ ಕೊನೆಯ ಪುಟದಲ್ಲಿ ಸದ್ದಿಗಿಂತ ಖಾಲಿ ಜಾಗವೇ ಜಾಸ್ತಿ. ಗೊತ್ತಿಲ್ಲದವರು ಮೊದಲನೆಯದೋ ಎರಡನೆಯದೋ ಹೊಡೆತಕ್ಕೆ ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿಬಿಡುವುದೂ ಉಂಟು.

ಈ ಸಲ ಕೇಳುವಾಗ ತೊಡೆ ಮೇಲಿನ ಕೈ ತೆಗೆಯಬೇಡಿ. ಮೊದಲ ಹೊಡೆತದ ನಂತರವೂ ಎಣಿಸುತ್ತಾ ಇರಿ. ನುಡಿಸುವವರೆಲ್ಲ ಸುಮ್ಮನಾಗಿರುತ್ತಾರೆ, ಕಂಡಕ್ಟರ್ ಕೈ ಗಾಳಿಯಲ್ಲಿರುತ್ತದೆ, ತಾಳ ಮಾತ್ರ ನಡೆಯುತ್ತಿರುತ್ತದೆ. ಐದನೆಯದು ಪಂಚಮದ ಮೇಲೆ ಬೀಳುತ್ತದೆ. ಆರನೆಯದು ಷಡ್ಜಕ್ಕೆ ಬಂದು ಕೂರುತ್ತದೆ.